ತೋಟದ ಮರ ಉಪಗ್ರಹಕ್ಕೆ ಕಾಡಾಗಿ ಕಂಡರೆ ಕಾಫಿ ಮಾರೋದು ಹೇಗೆ?

ಓದುಗರ ಪ್ರಶ್ನೆ:

"ನಮಸ್ಕಾರ ಸರ್. ನಾನು ಸೋಮವಾರಪೇಟೆ ಕಡೆಯ ಸಣ್ಣ ಬೆಳೆಗಾರ. ಎರಡು ಕಡೆ ಸೇರಿ ಹನ್ನೊಂದು ಎಕರೆ ರೋಬಸ್ಟಾ ಇದೆ. ಮನೆ ಹತ್ತಿರ ಏಳು, ಬೆಟ್ಟದ ಕಡೆ ನಾಲ್ಕು. ನಮ್ಮ ತೋಟದಲ್ಲಿ ಮರ ಜಾಸ್ತಿ. ಹೊನ್ನೆ, ನಂದಿ, ಹಲಸು, ಅತ್ತಿ, ಎಲ್ಲಾ ತಾತನ ಕಾಲದ್ದು. ಪಹಣಿ ಈಗಲೂ ತಾತನ ಹೆಸರಿನಲ್ಲೇ ಇದೆ, ನಾವು ಮೂರು ಜನ ಅಣ್ಣತಮ್ಮಂದಿರು ಜಂಟಿಯಾಗಿ ಮಾಡುತ್ತಿದ್ದೇವೆ. ಪಕ್ಕದ ಅರ್ಧ ಎಕರೆ ಪೈಸಾರಿ (ಸರ್ಕಾರಿ) ಜಾಗವನ್ನೂ ಅಪ್ಪನ ಕಾಲದಿಂದ ಮಾಡಿಕೊಂಡು ಬಂದಿದ್ದೇವೆ. 2018ರ ಮಳೆಯಲ್ಲಿ ಬೆಟ್ಟದ ತೋಟದ ಒಂದು ಎಕರೆ ಜಾರಿ ಹೋಯಿತು. ಅಲ್ಲೀಗ ಕುರುಚಲು ಕಾಡು ಬೆಳೆದಿದೆ. ಮುಂದಿನ ಮಳೆಗೆ ಅಲ್ಲಿ ಗಿಡ ನೆಡುವ ಯೋಚನೆ ಇದೆ. ಈ ಸಲ ಕಾಫಿ ಕೊಳ್ಳುವವರು 'ಯುರೋಪಿನ ಕಾನೂನು ಬಂದಿದೆ, ಜಿಪಿಎಸ್ ಕೊಡಿ, ಇಲ್ಲಾಂದ್ರೆ ಮೂಟೆಗೆ ರೇಟು ಕಮ್ಮಿ' ಅಂದರು. ಇನ್ನೊಬ್ಬರು ಬಂದು ಎಕರೆಗೆ ಇಷ್ಟು ಅಂತ ದುಡ್ಡು ಕೊಟ್ಟರೆ ಯುರೋಪ್ ಸರ್ಟಿಫಿಕೇಟ್ ಮಾಡಿಸಿ ಕೊಡ್ತೀವಿ ಅಂದರು. ಅಕ್ಕಪಕ್ಕದವರು 'ಉಪಗ್ರಹದಲ್ಲಿ ಕಾಡು ಅಂತ ಕಂಡರೆ ತೋಟವೇ ಕೈಬಿಡುತ್ತೆ, ಕಾಡುಮರ ಕಡಿದು ಸಿಲ್ವರ್ ಓಕ್ ಹಾಕು' ಅನ್ನುತ್ತಿದ್ದಾರೆ. ಏನು ಮಾಡಲಿ? ಬೆಂಗಳೂರಲ್ಲಿರೋ ಮಗ ಕಂಪ್ಯೂಟರಿನಲ್ಲೇ ಮ್ಯಾಪ್ ನೋಡಿ ಜಿಪಿಎಸ್ ಹಾಕ್ತೀನಿ ಅಂತಾನೆ. ಅದು ನಡೆಯುತ್ತಾ?"

ಉತ್ತರ:

ಮೊದಲು ಒಂದು ಮಾತು. ದಯವಿಟ್ಟು ಮರ ಕಡಿಯಬೇಡಿ. ಉಳಿದ ಯಾವ ವಿಷಯದಲ್ಲಿ ತಪ್ಪು ಮಾಡಿದರೂ ಆಮೇಲೆ ಸರಿ ಮಾಡಿಕೊಳ್ಳಬಹುದು. ಎಂಬತ್ತು ವರ್ಷದ ಹೊನ್ನೆಯನ್ನು ಯಾರ ಕೈಲೂ ವಾಪಸ್ ತರೋಕಾಗಲ್ಲ.

ನಿಮ್ಮ ಪತ್ರದಲ್ಲಿ ಒಂದು ಪ್ರಶ್ನೆ ಇಲ್ಲ, ಐದಾರು ಇವೆ, ಒಂದಕ್ಕೊಂದು ಸಿಕ್ಕಿಕೊಂಡಿವೆ. ಇಪ್ಪತ್ತು ವರ್ಷದಿಂದ ಕೊಡಗು, ಹಾಸನ, ಚಿಕ್ಕಮಗಳೂರಿನ ತೋಟಗಳಲ್ಲಿ ಮರ ಎಣಿಸುವುದು, ಜಾಗದ ನಕ್ಷೆ ಮಾಡುವುದು ನನ್ನ ಕೆಲಸ. ಈ ಎರಡು ವರ್ಷದಲ್ಲಿ ಕಾಫಿ ಕಣದಲ್ಲಿ ನಿಂತು ಇದೇ ಭಯವನ್ನು ಎಷ್ಟು ಜನ ಹೇಳಿಕೊಂಡಿದ್ದಾರೋ ಲೆಕ್ಕವಿಲ್ಲ. ಹಾಗಾಗಿ ನಿಧಾನವಾಗಿ ಒಂದೊಂದೇ ಗಂಟು ಬಿಚ್ಚೋಣ.

ಆ ಕಾನೂನಿಗೆ ಇಯುಡಿಆರ್ ಅನ್ನುತ್ತಾರೆ. ಕಾಡು ಕಡಿದ ಜಾಗದಲ್ಲಿ ಬೆಳೆದ ಸರಕು ತಮ್ಮ ಮಾರುಕಟ್ಟೆಗೆ ಬರಬಾರದು ಅಂತ ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ಕಾನೂನು ಇದು. ಕಾಫಿ, ಕೋಕೋ, ರಬ್ಬರ್, ತಾಳೆ, ಸೋಯಾ, ದನ, ಮರ, ಈ ಏಳು ಇದರೊಳಗೆ ಬರುತ್ತವೆ. ಕಾಳುಮೆಣಸು ಬರಲ್ಲ. ನಿಮ್ಮ ತೋಟದ ಮೆಣಸಿಗೆ ಇದರ ಗೊಡವೆ ಇಲ್ಲ.

ಅದು ಕೇಳುವುದು ಎರಡೇ. 2020ರ ಡಿಸೆಂಬರ್ 31ರ ಆಚೆ ಕಾಡು ಕಡಿದು ಈ ತೋಟ ಮಾಡಿಲ್ಲ ತಾನೇ? ಈ ಕಾಫಿ ನಿಮ್ಮ ದೇಶದ ಕಾನೂನಿನ ಪ್ರಕಾರವೇ ಬೆಳೆದದ್ದು ತಾನೇ? ಜೊತೆಗೆ, ಬೆಳೆದ ಜಾಗ ಯಾವುದು ಅನ್ನುವುದಕ್ಕೆ ಜಿಪಿಎಸ್ ಗುರುತು.

ಆ ದಿನಾಂಕವನ್ನು ಗಮನಿಸಿ. ನಿಮ್ಮ ತಾತ ಯಾವ ಕಾಡು ಸವರಿ ತೋಟ ಮಾಡಿದರು ಅಂತ ಈ ಕಾನೂನು ಕೇಳುವುದಿಲ್ಲ. ಕೊಡಗಿನಲ್ಲಿ ಎಪ್ಪತ್ತು, ಎಂಬತ್ತು, ತೊಂಬತ್ತರ ದಶಕಗಳಲ್ಲಿ ಎಷ್ಟೋ ಖಾಸಗಿ ಕಾಡು ಕಾಫಿ ತೋಟವಾಯಿತು. ಅದು ನಿಜ, ಬೇಸರದ ವಿಷಯವೂ ಹೌದು. ಆದರೆ ಈ ಕಾನೂನಿನ ಲೆಕ್ಕ ಶುರುವಾಗುವುದು 2021ರಿಂದ.

ಈಗ ಮರಗಳ ವಿಷಯಕ್ಕೆ ಬರೋಣ. ಭಯದ ಬೇರು ಇರುವುದು ಇಲ್ಲೇ.

ಕಾಡು ಅಂದರೆ ಏನು ಅಂತ ಆ ಕಾನೂನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ವಿವರಣೆಯನ್ನೇ ತೆಗೆದುಕೊಂಡಿದೆ. ಅರ್ಧ ಹೆಕ್ಟೇರಿಗಿಂತ ಜಾಸ್ತಿ ಜಾಗ, ಐದು ಮೀಟರಿಗಿಂತ ಎತ್ತರದ ಮರ, ನೆಲದ ಶೇಕಡ 10ಕ್ಕಿಂತ ಹೆಚ್ಚು ನೆರಳು. ಇಷ್ಟು ಮಾತ್ರ ಓದಿದರೆ ಕೊಡಗಿನ ಎಲ್ಲಾ ತೋಟವೂ ಕಾಡೇ. ನಿಮ್ಮ ಅಕ್ಕಪಕ್ಕದವರಿಗೆ ಯಾರೋ ಇಷ್ಟನ್ನೇ ಓದಿ ಹೇಳಿದ್ದಾರೆ. ಮುಂದಿನ ಸಾಲನ್ನು ಓದಿಲ್ಲ. ವ್ಯವಸಾಯಕ್ಕೆ ಬಳಸುತ್ತಿರುವ ಜಾಗ ಕಾಡಲ್ಲ ಅಂತ ಅದೇ ಕಾನೂನು ಹೇಳುತ್ತದೆ. ಮರದ ನೆರಳಿನಡಿ ಬೆಳೆ ಬೆಳೆಯುವ ತೋಟಗಳನ್ನು ಹೆಸರು ಹೇಳಿಯೇ ಕಾಡಿನ ಪಟ್ಟಿಯಿಂದ ಹೊರಗಿಟ್ಟಿದೆ. ನಿಮ್ಮ ತೋಟ ಅಂದರೆ ಅದೇ ಅಲ್ವಾ? ಮರ ಎಷ್ಟೇ ದಟ್ಟವಾಗಿರಲಿ, ಕೆಳಗೆ 2020ಕ್ಕೆ ಮುಂಚಿನಿಂದ ಕಾಫಿ ಇದ್ದರೆ ಅದು ತೋಟ.

ಹಾಗಾದರೆ ಉಪಗ್ರಹದ ಮಾತು ಸುಳ್ಳಾ? ಪೂರ್ತಿ ಸುಳ್ಳಲ್ಲ. ಉಪಗ್ರಹಕ್ಕೆ ಕಾಣುವುದು ಮರದ ತಲೆ ಮಾತ್ರ. ಕೆಳಗಿನ ಕಾಫಿ ಗಿಡ ಕಾಣಲ್ಲ. ಯುರೋಪಿಯನ್ ಒಕ್ಕೂಟದ ಸಂಶೋಧನಾ ಕೇಂದ್ರ 2020ರ ಕಾಡಿನ ಒಂದು ಜಾಗತಿಕ ನಕ್ಷೆ ಮಾಡಿದೆ. ಹತ್ತು ಮೀಟರ್‌ಗೊಂದು ಚೌಕ ಇಟ್ಟು ಮಾಡಿದ ನಕ್ಷೆ. ಅಂಥ ನಕ್ಷೆಗಳಲ್ಲಿ ನೆರಳಿನ ಕಾಫಿ ತೋಟ ಕಾಡಿನ ಬಣ್ಣದಲ್ಲಿ ಬರುವುದುಂಟು. ಆದರೆ ಆ ನಕ್ಷೆಗೆ ಕಾನೂನಿನ ಬಲ ಇಲ್ಲ, ಅದು ಬರೀ ಸಹಾಯಕ್ಕೆ ಅಂತ ಅವರೇ ಹೇಳಿದ್ದಾರೆ. ನಕ್ಷೆ ಕಾಡು ಅಂದರೂ ದಾಖಲೆ ತೋಟ ಅಂದರೆ ತೋಟವೇ. ಕೊಳ್ಳುವವರ ಕಂಪ್ಯೂಟರಿನಲ್ಲಿ ನಿಮ್ಮ ಜಾಗದ ಮೇಲೆ ಒಂದು ಪ್ರಶ್ನೆ ಬರಬಹುದು, ಅಷ್ಟೇ. ಅದಕ್ಕೆ ಉತ್ತರ ನಿಮ್ಮ ಪಹಣಿಯ ಬೆಳೆ ಕಾಲಂನಲ್ಲಿದೆ. ಹಳೇ ಕಾಫಿ ಮಾರಿದ ಬಿಲ್ಲಿನಲ್ಲಿದೆ.

ಇನ್ನೊಂದು ವಿಷಯ ಯಾರೂ ಹೇಳುತ್ತಿಲ್ಲ. 2020ರ ನಕ್ಷೆಯಲ್ಲಿ ಮರ ಇದ್ದು, ಆಮೇಲಿನ ಚಿತ್ರದಲ್ಲಿ ಮರ ಇಲ್ಲದಿದ್ದರೆ ಏನಾಗುತ್ತೆ? ಕೊಳ್ಳುವವರ ಕಂಪ್ಯೂಟರ್ ಹುಡುಕುವುದೇ ಅಂಥ ಜಾಗವನ್ನು. ಅಂದರೆ ಹೆದರಿ ಈಗ ಮರ ಕಡಿದರೆ, ಇಲ್ಲದ ಅನುಮಾನವನ್ನು ನೀವೇ ಕರೆದು ತಂದ ಹಾಗೆ. ಮರ ಇದ್ದ ಹಾಗೇ ಇದ್ದರೆ ಆ ಅನುಮಾನ ಬರಲ್ಲ. ವರ್ಷಾವರ್ಷದ ಮರಗಸಿಗೆ, ಅಂದರೆ ನೆರಳು ಹದ ಮಾಡಲು ಕೊಂಬೆ ಸವರುವುದಕ್ಕೆ, ಏನೂ ತೊಂದರೆಯಿಲ್ಲ, ಅದನ್ನು ನಿಲ್ಲಿಸಬೇಡಿ.

ಸರ್ಟಿಫಿಕೇಟ್ ಮಾಡಿಸಿ ಕೊಡ್ತೀವಿ ಅಂದವರನ್ನು ವಾಪಸ್ ಕಳಿಸಿ. ಇಯುಡಿಆರ್ ಸರ್ಟಿಫಿಕೇಟ್ ಅನ್ನುವುದೇ ಇಲ್ಲ. ಯುರೋಪಿನಲ್ಲಿ ಸರಕನ್ನು ಮೊದಲು ಮಾರುಕಟ್ಟೆಗೆ ಇಳಿಸುವ ಕಂಪನಿ ಅವರ ಸರ್ಕಾರಿ ವ್ಯವಸ್ಥೆಯಲ್ಲಿ ಒಂದು ಘೋಷಣೆ ಸಲ್ಲಿಸಬೇಕು. ಜವಾಬ್ದಾರಿ ಅವರದ್ದು, ದಂಡ ಬಿದ್ದರೂ ಅವರಿಗೇ. ಬೆಳೆಗಾರನಿಗೆ ಫೀಸೂ ಇಲ್ಲ, ದಂಡವೂ ಇಲ್ಲ. ರೇನ್‌ಫಾರೆಸ್ಟ್ ಅಲಯನ್ಸ್‌ನಂಥ ಪ್ರಮಾಣಪತ್ರ ಇದ್ದರೆ ದಾಖಲೆ ಜೋಡಿಸೋಕೆ ಅನುಕೂಲ, ಆದರೆ ಅದು ಈ ಕಾನೂನಿಗೆ ಬದಲಿ ಅಲ್ಲ. ನಮ್ಮ ಕಾಫಿ ಬೋರ್ಡ್ ತನ್ನ ಮೊಬೈಲ್ ಆಪ್‌ನಲ್ಲಿ ತೋಟಗಳ ನೋಂದಣಿ ಮಾಡಿಸುತ್ತಿದೆ. ಆಪ್ ಬಳಸೋಕೆ ಬರದಿದ್ದರೆ ನಿಮ್ಮ ಭಾಗದ ಬೋರ್ಡಿನ ಲೈಸನ್ (ಸಂಪರ್ಕ) ಆಫೀಸಿಗೆ ಹೋಗಿ ಕೇಳಿ. ಬ್ರೋಕರ್ ಬೇಕಾಗಿಲ್ಲ.

ಜವಾಬ್ದಾರಿ ಅವರದ್ದಾದರೆ ನಮ್ಮನ್ಯಾಕೆ ಹಿಂಡುತ್ತಾರೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಾಫಿ ಹೋಗುವ ದಾರಿ ನೋಡಿ. ನಿಮ್ಮ ಚೆರ್ರಿ ಮೂಟೆ ಊರಿನ ವ್ಯಾಪಾರಿ ಹತ್ತಿರ ಹೋಗುತ್ತದೆ. ಅಲ್ಲಿ ನೂರು ಮನೆಯ ಕಾಫಿ ಒಂದೇ ರಾಶಿ. ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್‌ಗೆ ಹೋದಾಗ ಇನ್ನೂ ದೊಡ್ಡ ರಾಶಿ. ಕೊನೆಗೆ ಒಂದು ಕಂಟೇನರ್ ಇಟಲಿಗೋ ಜರ್ಮನಿಗೋ ಹೊರಡುವಾಗ ಅದರಲ್ಲಿ ಎಷ್ಟು ತೋಟದ ಕಾಫಿ ಇದೆ ಅಂತ ಹೇಳುವವರೇ ಇಲ್ಲ. ಈ ಕಾನೂನಿನಲ್ಲಿ ಗೊತ್ತಿರುವ ಜಾಗದ ಕಾಫಿಯನ್ನು ಗೊತ್ತಿಲ್ಲದ ಜಾಗದ ಕಾಫಿ ಜೊತೆ ಬೆರೆಸುವ ಹಾಗಿಲ್ಲ. ಒಂದು ತೋಟದ ಗುರುತು ತಪ್ಪಿದರೂ ಇಡೀ ಲಾಟ್ ನಿಲ್ಲುತ್ತದೆ. ದೊಡ್ಡ ತಪ್ಪಿಗೆ ದಂಡದ ಮೇಲ್ಮಿತಿ ಕಂಪನಿಯ ಯುರೋಪಿನ ವಾರ್ಷಿಕ ವಹಿವಾಟಿನ ಶೇಕಡ 4ಕ್ಕಿಂತ ಕಮ್ಮಿ ಇರಬಾರದು ಅಂತ ಇದೆ. ಆ ಕಂಪನಿ ಎಕ್ಸ್‌ಪೋರ್ಟರನ್ನು ಒತ್ತುತ್ತದೆ, ಎಕ್ಸ್‌ಪೋರ್ಟರ್ ಕ್ಯೂರಿಂಗ್‌ನವರನ್ನು, ಅವರು ವ್ಯಾಪಾರಿಯನ್ನು, ವ್ಯಾಪಾರಿ ನಿಮ್ಮನ್ನು. ಎಲ್ಲೋ ಬ್ರಸೆಲ್ಸ್‌ನಲ್ಲಿ ಮಾಡಿದ ಕಾನೂನು ನಿಮ್ಮ ಕಣಕ್ಕೆ ಮೂಟೆ ಮೇಲಿನ ರೇಟಾಗಿ ಇಳಿಯುವುದು ಹೀಗೆ.

ಆದರೆ ಈಗಲೇ ರೇಟು ಕಡಿಮೆ ಮಾಡೋಕೆ ಕಾರಣ ಏನೂ ಇಲ್ಲ. ಈ ಕಾನೂನು 2024ರ ಕೊನೆಗೆ ಜಾರಿಯಾಗಬೇಕಿತ್ತು. ಒಂದು ಸಲ ಮುಂದೆ ಹೋಯಿತು. 2025ರ ಡಿಸೆಂಬರ್‌ನಲ್ಲಿ ಇನ್ನೊಂದು ಸಲ ಮುಂದೆ ಹಾಕಿದರು. ಈಗಿರುವ ದಿನಾಂಕ ದೊಡ್ಡ, ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣ, ತೀರಾ ಸಣ್ಣವಕ್ಕೆ 2027ರ ಜೂನ್ 30. ಅಲ್ಲದೆ 2025ರ ಮೇನಲ್ಲಿ ದೇಶಗಳ ಪಟ್ಟಿ ಬಂದಾಗ ಭಾರತವನ್ನು ಕಡಿಮೆ ಅಪಾಯದ ಗುಂಪಿಗೆ ಹಾಕಿದ್ದಾರೆ. ಇಲ್ಲಿಂದ ಹೋಗುವ ಸರಕಿಗೆ ತಪಾಸಣೆ ಕಮ್ಮಿ, ಅವರ ಕಂಪನಿಗಳಿಗೆ ಕಾಗದದ ಕೆಲಸವೂ ಕಮ್ಮಿ. ಜಿಪಿಎಸ್ ಮಾತ್ರ ಬೇಕೇ ಬೇಕು. ವ್ಯಾಪಾರಿಗೆ ಇದನ್ನು ಸಮಾಧಾನವಾಗಿ ಹೇಳಿ. ಇನ್ನೊಬ್ಬ ವ್ಯಾಪಾರಿಯ ರೇಟನ್ನೂ ಕೇಳಿ ನೋಡಿ.

ಇನ್ನು ಕಾಗದಪತ್ರ. ಪಹಣಿ ತಾತನ ಹೆಸರಿನಲ್ಲಿರುವುದು ಕೊಡಗಿನಲ್ಲಿ ಹೊಸದೇನಲ್ಲ. ವಂಶಪಾರಂಪರ್ಯವಾಗಿ ಬಂದ ಜಮ್ಮಾ, ಬಾಣೆ ಜಾಗಗಳಲ್ಲಂತೂ ಪಟ್ಟೆದಾರರ (ಕುಟುಂಬದ ಹಿರಿಯರ) ಹೆಸರಿನ ಕೆಳಗೆ ಇಡೀ ಕುಟುಂಬವೇ ಇರುತ್ತದೆ. ಯುರೋಪಿನ ಕಾನೂನು ಕೇಳುವುದು ನಮ್ಮ ದೇಶದ ಕಾನೂನಿನ ಪ್ರಕಾರ ಆ ಜಾಗ ಬಳಸುವ ಹಕ್ಕು ನಿಮಗಿದೆಯಾ ಅಂತ ಮಾತ್ರ. ಹೆಸರು ಯಾರದ್ದು ಅನ್ನುವುದೊಂದರಿಂದಲೇ ನಿಮ್ಮ ಕಾಫಿ ಕಾನೂನುಬಾಹಿರ ಆಗಲ್ಲ. ಹಾಗಂತ ಬಿಟ್ಟುಬಿಡಬೇಡಿ. ಪೌತಿ ಖಾತೆ ಮಾಡಿಸಿ ಜಾಗವನ್ನು ವಾರಸುದಾರರ ಹೆಸರಿಗೆ ತಂದುಕೊಳ್ಳಿ. ಮೂರು ಜನ ಅಣ್ಣತಮ್ಮಂದಿರು ಒಪ್ಪಿದ್ದರೆ ಈಗ ಆಗುವ ಕೆಲಸ ಇದು. ಮಕ್ಕಳ ಕಾಲಕ್ಕೆ ಹತ್ತು ಹೆಸರಾದಾಗ ಆಗಲ್ಲ. ಅಲ್ಲಿಯವರೆಗೆ ವಂಶವೃಕ್ಷ, ಕಂದಾಯ ರಸೀದಿ, ನೀವೇ ಉಳುಮೆ ಮಾಡುತ್ತಿರುವ ಬಗ್ಗೆ ಸಹೋದರರ ಒಪ್ಪಿಗೆ ಪತ್ರ, ಇಷ್ಟನ್ನು ಒಂದು ಕಡೆ ಇಡಿ.

ಅರ್ಧ ಎಕರೆ ಪೈಸಾರಿ ಮಾತ್ರ ನಿಜವಾದ ಕಷ್ಟ. ಇಲ್ಲಿ ನಾನು ಸಿಹಿ ಮಾತಾಡಲ್ಲ. ತಂದೆ ಕಾಲದಿಂದ ಅಲ್ಲಿ ಕಾಫಿ ಇದ್ದರೆ 2020ರ ಪ್ರಶ್ನೆ ಏಳುವುದಿಲ್ಲ. ಆದರೆ ಎರಡನೇ ಪ್ರಶ್ನೆ, ನಮ್ಮದೇ ಕಾನೂನಿನ ಪ್ರಶ್ನೆ, ಏಳುತ್ತದೆ. ಮೊದಲು ಆ ಸರ್ವೆ ನಂಬರ್ ದಾಖಲೆಯಲ್ಲಿ ಏನಂತ ಇದೆ ನೋಡಿಸಿ. ನಿಮ್ಮ ತಾಲ್ಲೂಕಿನಲ್ಲಿ ಸಿ ಆಂಡ್ ಡಿ ಜಾಗದ, ಅಂದರೆ ಅರಣ್ಯ ಇಲಾಖೆಗೆ ಬಿಟ್ಟುಕೊಟ್ಟ ಕಂದಾಯ ಜಾಗದ, ಜಗಳ ನಡೆದೇ ಇದೆ. ಅದು ಬರೀ ಕಂದಾಯ ಇಲಾಖೆಯ ಪೈಸಾರಿಯಾ, ಸಿ ಆಂಡ್ ಡಿ ಪಟ್ಟಿಯಲ್ಲಿದೆಯಾ, ದೇವರಕಾಡಿಗೆ ಸೇರಿದ್ದಾ, ಇವು ಮೂರೂ ಬೇರೆ ಬೇರೆ. ಕಂದಾಯ ಜಾಗವಾದರೆ, ಬಹಳ ಹಿಂದಿನಿಂದ ಪ್ಲಾಂಟೇಶನ್ ಬೆಳೆ ಮಾಡಿಕೊಂಡು ಬಂದವರಿಗೆ 30 ವರ್ಷದವರೆಗೆ ಗುತ್ತಿಗೆ ಕೊಡುವ ಅವಕಾಶವನ್ನು ರಾಜ್ಯ ಸರ್ಕಾರ ಕಾನೂನಿನಲ್ಲಿ ತಂದಿದೆ. ಅರ್ಜಿ ಹಾಕಿದ್ದರೆ ಅದರ ಪ್ರತಿ ಜೋಪಾನ ಮಾಡಿ. ಹಾಕಿಲ್ಲದಿದ್ದರೆ ತಹಸೀಲ್ದಾರ್ ಕಚೇರಿಯಲ್ಲಿ ಈಗಿನ ಸ್ಥಿತಿ ಕೇಳಿ.

ಅದು ಇತ್ಯರ್ಥ ಆಗುವವರೆಗೆ ಆ ಅರ್ಧ ಎಕರೆ ಕಾಫಿಯನ್ನು ಬೇರೆ ಕೊಯ್ದು, ಬೇರೆ ಒಣಗಿಸಿ, ಬೇರೆ ಮಾರಿ. ಇಲ್ಲೇ ದೇಶದೊಳಗೆ ಬಳಸುವವರಿಗೆ ಕೊಡಿ. ಹನ್ನೊಂದು ಎಕರೆಯ ಗುರುತು ಕೊಟ್ಟು ಹನ್ನೊಂದೂವರೆ ಎಕರೆಯ ಕಾಫಿ ಹಾಕುವುದು ಸುಲಭ, ಯಾರಿಗೂ ಗೊತ್ತಾಗಲ್ಲ ಅನಿಸುತ್ತದೆ. ಆದರೆ ಗೊತ್ತಾದ ದಿನ ಹೋಗುವುದು ಆ ಅರ್ಧ ಎಕರೆಯ ಕಾಫಿ ಮಾತ್ರ ಅಲ್ಲ, ಊರಿನವರೆಲ್ಲರ ಲಾಟ್.

ಬೆಟ್ಟದ ಜಾರಿದ ಎಕರೆ ಬಗ್ಗೆ ನೀವು ಹೆದರುವಷ್ಟು ಇಲ್ಲ. ಆ ಆಗಸ್ಟ್‌ನಲ್ಲಿ ನಾನೂ ಆ ಕಡೆ ಓಡಾಡಿದ್ದೆ. ತೋಟ ಇದ್ದ ಕಡೆ ಕೆಂಪು ಮಣ್ಣು ಬಿಟ್ಟು ಏನೂ ಇರಲಿಲ್ಲ. 2018ರಲ್ಲಿ ಬರಿದಾದ ಜಾಗದಲ್ಲಿ 2020ರ ಕೊನೆಗೆ ಎಷ್ಟು ಎತ್ತರದ ಮರ ಇದ್ದೀತು? ಅಲ್ಲದೆ ಒಂದು ಎಕರೆ ಅಂದರೆ 0.4 ಹೆಕ್ಟೇರ್, ಕಾಡಿನ ಅಳತೆಯಾದ ಅರ್ಧ ಹೆಕ್ಟೇರಿಗಿಂತ ಕಡಿಮೆ. ಆ ಜಾಗ ಮೊದಲು ತೋಟವಾಗಿತ್ತು, ಮತ್ತೆ ತೋಟ ಮಾಡುವ ಉದ್ದೇಶವೂ ಇತ್ತು ಅನ್ನುವುದಕ್ಕೆ ದಾಖಲೆ ಮುಖ್ಯ. 2018ಕ್ಕೆ ಮುಂಚಿನ ಪಹಣಿ, ಬೆಳೆ ನಷ್ಟಕ್ಕೆ ಹಾಕಿದ ಅರ್ಜಿ, ಆಗ ತೆಗೆದ ಫೋಟೋ, ಪೇಪರಿನಲ್ಲಿ ಬಂದಿದ್ದರೆ ಅದೂ ಇರಲಿ. ಒಂದೇ ಒಂದು ಕಡೆ ಎಚ್ಚರ ಬೇಕು. ಆ ಎಕರೆ ಮೀಸಲು ಅರಣ್ಯಕ್ಕೆ ಅಂಟಿಕೊಂಡಿದ್ದರೆ ಅರ್ಧ ಹೆಕ್ಟೇರಿನ ಲೆಕ್ಕ ನಡೆಯಲ್ಲ, ಏಕೆಂದರೆ ದೂರದಿಂದ ನೋಡುವವರಿಗೆ ಅದು ಕಾಡಿನ ಮುಂದುವರಿಕೆಯಾಗಿ ಕಾಣುತ್ತದೆ. ಹಾಗಿದ್ದರೆ ನೆಡುವ ಮುಂಚೆ ಸರ್ವೆ ಮಾಡಿಸಿ ಗಡಿ ಕಲ್ಲು ತೋರಿಸುವ ಫೋಟೋ ಇಟ್ಟುಕೊಳ್ಳಿ.

ಕಾನೂನಿಗಿಂತ ಆ ಇಳಿಜಾರಿನ ಬಗ್ಗೆ ನನಗೆ ಹೆಚ್ಚು ಯೋಚನೆ. ಒಮ್ಮೆ ಜಾರಿದ ಮಣ್ಣು ಗಟ್ಟಿಯಾಗಿಲ್ಲ. ಜೆಸಿಬಿ ತಂದು ಮಟ್ಟ ಮಾಡಬೇಡಿ. ತಾನಾಗಿ ಬಂದ ಮರಗಳನ್ನು ಪೂರ್ತಿ ಸವರಬೇಡಿ, ಒಳ್ಳೆಯವನ್ನು ನೆರಳಿಗೆ ಬಿಟ್ಟು ನಡುವೆ ಗಿಡ ಹಾಕಿ. ನೀರು ಹರಿದು ಹೋದ ಆ ಸಾಲಿನಲ್ಲಿ ಏನನ್ನೂ ನೆಡಬೇಡಿ, ಅದು ನೀರಿನ ದಾರಿ.

"ಎಲ್ಲಿಂದಲೋ ಕಾನೂನು ಮಾಡುವವರಿಗೆ ನಮ್ಮ ತೋಟ ಏನು ಗೊತ್ತು" ಅಂತ ಕಾಫಿ ಸಭೆಗಳಲ್ಲಿ ಬೆಳೆಗಾರರು ಕೇಳುತ್ತಲೇ ಇರುತ್ತಾರೆ. ನಿಮ್ಮ ಮನಸ್ಸಿನಲ್ಲೂ ಅದು ಇದ್ದೇ ಇರುತ್ತದೆ. ಇದಕ್ಕೆ ನಾನು ಸ್ವಲ್ಪ ಉದ್ದವಾಗಿ ಉತ್ತರ ಕೊಡಬೇಕು. ಏಕೆಂದರೆ ಯುರೋಪಿನವರಿಗೆ ನಮ್ಮ ತೋಟ ಗೊತ್ತು. ಚೆನ್ನಾಗಿಯೇ ಗೊತ್ತು. ಗೊತ್ತಿರುವವರು ಕಾನೂನು ಬರೆದವರಲ್ಲ, ಅಷ್ಟೇ.

2007ರಿಂದ 2011ರವರೆಗೆ ಯುರೋಪಿಯನ್ ಒಕ್ಕೂಟದ ದುಡ್ಡಿನಲ್ಲೇ ಕ್ಯಾಫ್‌ನೆಟ್ ಅನ್ನುವ ಯೋಜನೆ ನಡೆಯಿತು. ಮಧ್ಯ ಅಮೆರಿಕ, ಪೂರ್ವ ಆಫ್ರಿಕ ಮತ್ತು ಭಾರತದ ನೆರಳಿನ ಕಾಫಿ ತೋಟಗಳ ಅಧ್ಯಯನ ಅದು. ಫ್ರಾನ್ಸಿನ ಸಿರಾಡ್ ಸಂಸ್ಥೆ ಮುಂದೆ ನಿಂತಿತ್ತು. ಭಾರತದಲ್ಲಿ ಆರಿಸಿಕೊಂಡ ಜಾಗ ಕೊಡಗು. ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್, ನಮ್ಮ ಪೊನ್ನಂಪೇಟೆಯ ಅರಣ್ಯ ಕಾಲೇಜು ಜೊತೆಗಿದ್ದವು. ಅದಕ್ಕೂ ಮುಂಚೆ ಪೊನ್ನಂಪೇಟೆಯವರು ಆಕ್ಸ್‌ಫರ್ಡ್‌ನವರ ಜೊತೆ ಸೇರಿ ಕೊಡಗಿನ ದೇವರಕಾಡು, ಮೀಸಲು ಅರಣ್ಯ, ಕಾಫಿ ತೋಟ ಮೂರನ್ನೂ ಅಕ್ಕಪಕ್ಕ ಇಟ್ಟು ಮರ, ಹಕ್ಕಿ, ಅಣಬೆ ಎಣಿಸಿದ್ದರು. ಆಮೇಲೆ ಸ್ವಿಟ್ಜರ್ಲೆಂಡಿನ ಜೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದವರು ಇದೇ ಕಾಲೇಜಿನವರ ಜೊತೆ ಜೇನಿನ ಬೆನ್ನು ಹತ್ತಿದರು. ರೋಬಸ್ಟಾಗೆ ಬೇರೆ ಗಿಡದ ಪರಾಗ ಬೇಕು ಅನ್ನುವುದು ನಿಮಗೆ ಗೊತ್ತು. ಹೂಮಳೆ ಬಿದ್ದ ಮೇಲೆ ಬೆಳ್ಳಗೆ ಹೂವಿರುವ ಆ ಮೂರ್ನಾಲ್ಕು ದಿನ ಹೆಜ್ಜೇನು, ತುಡುವೆ, ನಸರಿ ಎಷ್ಟು ಕೆಲಸ ಮಾಡುತ್ತವೆ, ಅದರಿಂದ ಎಷ್ಟು ಕಾಯಿ ಕಟ್ಟುತ್ತದೆ ಅಂತ ತೋಟ ತೋಟದಲ್ಲಿ ಕೂತು ಲೆಕ್ಕ ಹಾಕಿದರು. ಹೆಜ್ಜೇನು ಗೂಡು ಕಟ್ಟುವುದು ಎತ್ತರದ ದೊಡ್ಡ ಕಾಡುಮರದ ಕೊಂಬೆಗೆ. ನಿಮ್ಮ ಅತ್ತಿ, ನಂದಿ ಕಡಿದರೆ ಹೋಗುವುದು ನೆರಳು ಮಾತ್ರ ಅಲ್ಲ.

ಆ ಅಧ್ಯಯನಗಳಿಂದ ಒಂದು ವಿಷಯ ತಿಳಿಯಿತು, ಅದನ್ನು ನಾನೂ ಪ್ರತಿ ವರ್ಷ ಮರ ಎಣಿಸುವಾಗ ನೋಡುತ್ತಿದ್ದೇನೆ. ಕೊಡಗಿನಲ್ಲಿ ಈಗ ಕಾಡು ಕಳೆಯುತ್ತಿರುವುದು ತೋಟದ ಬೇಲಿಯ ಹೊರಗೆ ಅಲ್ಲ, ಒಳಗೆ. ಕಾಡುಮರ ಹೋಗಿ ಸಿಲ್ವರ್ ಬರುತ್ತಿದೆ. ಇದಕ್ಕೆ ಬೆಳೆಗಾರರ ದುರಾಸೆ ಕಾರಣ ಅಂತ ನಾನು ಹೇಳಲ್ಲ. ನಮ್ಮ ಮರದ ಕಾನೂನೇ ಹಾಗಿದೆ. ಸಿಲ್ವರ್ ಕಡಿಯೋಕೆ ಅನುಮತಿ ಬೇಡ. ಬೇಗ ಬೆಳೆಯುತ್ತದೆ, ಮೆಣಸು ಹಬ್ಬುತ್ತದೆ, ಬೇಕಾದಾಗ ದುಡ್ಡಾಗುತ್ತದೆ. ಹೊನ್ನೆಗೋ ಬೀಟೆಗೋ ಅರಣ್ಯ ಇಲಾಖೆಗೆ ಅಲೆಯಬೇಕು. ಅನ್‌ರಿಡೀಮ್ಡ್, ಅಂದರೆ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿಲ್ಲದ ಜಾಗವಾದರೆ ಮರದ ಹಕ್ಕೇ ಸರ್ಕಾರದ್ದು. ತಾನು ನೆಟ್ಟು, ತಾನು ಕಾದು, ತನ್ನ ತೋಟದಲ್ಲೇ ನಿಂತ ಮರ ತನ್ನದಲ್ಲ ಅಂದರೆ ಮುಂದಿನ ಸಸಿಯನ್ನು ಯಾರು ಉಳಿಸುತ್ತಾರೆ? ಕಳೆ ಸವರುವಾಗ ಹೊನ್ನೆ ಸಸಿ ಕತ್ತಿಗೆ ಸಿಕ್ಕಿದರೂ ಹೋದರೆ ಹೋಗಲಿ ಅಂತ ಸುಮ್ನಾಗುತ್ತಾರೆ. ಮರವನ್ನು ಕಾಪಾಡಲು ಮಾಡಿದ ಕಾನೂನೇ ಮರದ ಮರಿಯನ್ನು ಉಳಿಯಗೊಡುತ್ತಿಲ್ಲ.

ಈಗ ಇಯುಡಿಆರ್‌ಗೆ ಇದು ಕಾಣುತ್ತದಾ? ಕಾಣಲ್ಲ. ಅದು ನೋಡುವುದು ಕಾಡು ಹೋಗಿ ವ್ಯವಸಾಯ ಬಂತಾ ಅಂತ ಮಾತ್ರ. ನಿಮ್ಮ ತೋಟದ ಕಾಡುಮರವೆಲ್ಲಾ ಹೋಗಿ ಸಿಲ್ವರ್ ಆದರೂ ಅದರ ಲೆಕ್ಕದಲ್ಲಿ ಮೊದಲೂ ತೋಟ, ಆಮೇಲೂ ತೋಟ. ತೋಟವೇ ಹೋಗಿ ರೆಸಾರ್ಟ್ ಆದರೂ ಅದಕ್ಕೆ ಸಂಬಂಧವಿಲ್ಲ. ಸುಮಾತ್ರಾದ ತಾಳೆ ತೋಟ, ಐವರಿ ಕೋಸ್ಟ್‌ನ ಕೋಕೋ, ಅಮೆಜಾನ್ ಅಂಚಿನ ಸೋಯಾ ಮತ್ತು ದನ, ಇವುಗಳಿಗಾಗಿ ಎಳೆದ ಗೆರೆ ಅದು. ಅಲ್ಲಿ ಇಂಥ ಗೆರೆಯ ಅಗತ್ಯ ಇದೆ ಅಂತ ನಾನು ನಂಬುತ್ತೇನೆ. 1990ರಿಂದ 2020ರ ನಡುವೆ ಲೋಕದಲ್ಲಿ 42 ಕೋಟಿ ಹೆಕ್ಟೇರ್ ಕಾಡು ಹೋಗಿದೆ. ಕೊಳ್ಳುವವರು ಇದಕ್ಕೂ ನಮಗೂ ಸಂಬಂಧ ಇಲ್ಲ ಅಂತ ಕೂರುವ ಹಾಗಿಲ್ಲ. ಆದರೆ ಅದೇ ಗೆರೆಯನ್ನು ಕೊಡಗಿನ ಮೇಲೆ, ಇಥಿಯೋಪಿಯಾದ ಕಾಡು ಕಾಫಿಯ ಮೇಲೆ ಎಳೆದಾಗ, ಮರ ಉಳಿಸಿಕೊಂಡವನಿಗೇ ಪ್ರಶ್ನೆ ಜಾಸ್ತಿ ಬರುತ್ತದೆ. ಬಯಲು ತೋಟದವನಿಗೆ ಯಾರೂ ಕೇಳಲ್ಲ. ಇದು ನನಗೆ ನೋವು ಕೊಡುವ ವಿಷಯ. ತಮ್ಮದೇ ದುಡ್ಡಿನಲ್ಲಿ ಮಾಡಿಸಿದ ಅಧ್ಯಯನವನ್ನು ಕಾನೂನು ಬರೆಯುವಾಗ ಪಕ್ಕದಲ್ಲಿಟ್ಟು ಓದಿದ್ದರೆ, ಮರ ಎಷ್ಟಿದೆ, ಯಾವ ಜಾತಿಯದ್ದು ಅನ್ನುವುದಕ್ಕೆ ಒಂದು ಬೆಲೆ ಕಟ್ಟುವ ದಾರಿ ಹುಡುಕಬಹುದಿತ್ತು. ನಾವೂ ನಮ್ಮ ಮರದ ಕಾನೂನು ಸರಿ ಮಾಡಿಕೊಂಡಿದ್ದರೆ ಅವರ ಕಾನೂನಿಗೆ ಕಾಯಬೇಕಾಗಿರಲಿಲ್ಲ.

ಸರಿ, ನಿಮ್ಮ ಮುಂದೆ ಈಗ ಯಾವ ದಾರಿಗಳಿವೆ?

ನೋಂದಣಿ ಮಾಡಿಸಿ ಯುರೋಪಿನ ದಾರಿಯಲ್ಲೇ ಇರುವುದು ಒಂದು. ನನ್ನ ಸಲಹೆಯೂ ಇದೇ. ನಮ್ಮ ದೇಶದಲ್ಲಿ ಬೆಳೆಯುವ ಕಾಫಿಯ ಬಹುಪಾಲು ಹೊರಗೆ ಹೋಗುತ್ತದೆ, ಅದರಲ್ಲಿ ಇಟಲಿ, ಜರ್ಮನಿ, ಬೆಲ್ಜಿಯಂ ದೊಡ್ಡ ಗಿರಾಕಿಗಳು. ಇಲ್ಲಿ ಅಪಾಯ ಏನೆಂದರೆ ನಿಮ್ಮ ತೋಟದ ಗುರುತು ಯಾರ ಕೈಯಲ್ಲಿ ಉಳಿಯುತ್ತದೆ ಅನ್ನುವುದು. ಒಬ್ಬ ವ್ಯಾಪಾರಿಗೆ ಮಾತ್ರ ಕೊಟ್ಟು, ನಿಮ್ಮ ಹತ್ತಿರ ಪ್ರತಿ ಇಲ್ಲದಿದ್ದರೆ, ಮುಂದಿನ ವರ್ಷ ಅವರು ಹೇಳಿದ್ದೇ ರೇಟು. ಮೊದಲು ಬೋರ್ಡಿನಲ್ಲಿ ನೋಂದಣಿ ಮಾಡಿಸಿ, ಅಂಕೆಗಳನ್ನು ನೀವು ಬರೆದಿಟ್ಟುಕೊಳ್ಳಿ, ಆಮೇಲೆ ಎಷ್ಟು ಜನಕ್ಕೆ ಬೇಕಾದರೂ ಕೊಡಿ.

ಊರಿನ ಹತ್ತು ಹದಿನೈದು ಜನ ಸೇರಿ ಒಟ್ಟಿಗೆ ಮಾರುವುದು ಇನ್ನೊಂದು. ಲಾಟ್ ಬೇರೆಯಾಗಿ ಉಳಿಯುವುದರಿಂದ ರೇಟು ಕೇಳುವ ಬಲ ಬರುತ್ತದೆ. ಆದರೆ ಗುಂಪಿನಲ್ಲಿ ಒಬ್ಬರ ಜಾಗ ತಕರಾರಿನದ್ದಾದರೆ ಎಲ್ಲರದ್ದೂ ನಿಲ್ಲುತ್ತದೆ. ನಾನು ಕಂಡ ಒಂದು ಗುಂಪು ಹೀಗೇ ಒಡೆದುಹೋಯಿತು, ಸಂಬಂಧಿಕರ ನಡುವೆ ಮಾತೇ ನಿಂತಿತು. ಸೇರುವ ಮುಂಚೆ ಎಲ್ಲರೂ ಪಹಣಿ ತಂದು ಒಂದೇ ಮೇಜಿನ ಮೇಲೆ ಇಡಬೇಕು. ಸಂಕೋಚ ಪಟ್ಟರೆ ಆಗಲ್ಲ.

ಯುರೋಪಿನ ಗೊಡವೆಯೇ ಬೇಡ ಅಂತ ಬೇರೆ ಕಡೆ ಮಾರುವುದಕ್ಕೂ ಅವಕಾಶ ಇದೆ. ರಷ್ಯಾ, ಕೊಲ್ಲಿ ದೇಶಗಳು, ನಮ್ಮದೇ ಮಾರುಕಟ್ಟೆ. ಹಾಗೆ ಮಾಡಿದವರನ್ನು ನಾನು ತಪ್ಪು ಅನ್ನಲ್ಲ. ಆದರೆ ನಿಮ್ಮ ವ್ಯಾಪಾರಿಯ ರಾಶಿ ಎಲ್ಲಿಗೆ ಹೋಗುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ, ಹಾಗಾಗಿ ಜಿಪಿಎಸ್ ಪ್ರಶ್ನೆ ಅಲ್ಲೂ ಬರುತ್ತದೆ.

ಕೊನೆಗೆ ಮಗನ ಪ್ರಶ್ನೆ. ಕಂಪ್ಯೂಟರಿನಲ್ಲಿ ಮ್ಯಾಪ್ ನೋಡಿ ಗುರುತು ಹಾಕುವುದಕ್ಕೆ ಅಡ್ಡಿಯಿಲ್ಲ. ನಾಲ್ಕು ಹೆಕ್ಟೇರ್, ಅಂದರೆ ಸುಮಾರು ಹತ್ತು ಎಕರೆವರೆಗಿನ ಒಂದು ತುಂಡಿಗೆ ಒಂದು ಬಿಂದು ಸಾಕು. ಅದಕ್ಕಿಂತ ದೊಡ್ಡದಾದರೆ ಸುತ್ತ ಗಡಿ ಎಳೆಯಬೇಕು. ನಿಮ್ಮದು ಏಳು, ನಾಲ್ಕು ಎಕರೆಯ ಎರಡು ತುಂಡು. ಎರಡಕ್ಕೂ ಒಂದೊಂದು ಬಿಂದು. ಅಕ್ಷಾಂಶ, ರೇಖಾಂಶ ಎರಡರಲ್ಲೂ ದಶಾಂಶ ಚುಕ್ಕೆಯ ನಂತರ ಆರು ಅಂಕೆ ಇರಬೇಕು. ಆದರೆ ಮ್ಯಾಪ್‌ನಲ್ಲಿ ಮೇಲಿಂದ ನೋಡಿದರೆ ನಮ್ಮ ತೋಟ, ಪಕ್ಕದವರ ತೋಟ, ಕಾಡು ಎಲ್ಲಾ ಒಂದೇ ಹಸಿರು. ಮಗ ತಪ್ಪಿ ಪಕ್ಕದವರ ಜಾಗದಲ್ಲೋ ಮೀಸಲು ಅರಣ್ಯದಲ್ಲೋ ಬಿಂದು ಇಟ್ಟರೆ ಆ ತಪ್ಪು ನಿಮ್ಮ ಹೆಸರಿನಲ್ಲಿ ಕೂರುತ್ತದೆ. ಮುಂದಿನ ಸಲ ಅವನು ಊರಿಗೆ ಬಂದಾಗ ಇಬ್ಬರೂ ಸರ್ವೆ ಸ್ಕೆಚ್ ಹಿಡಿದು ತೋಟಕ್ಕೆ ಹೋಗಿ. ಅಂಚಿನಲ್ಲಿ ನಿಲ್ಲಬೇಡಿ, ನಡುವೆ ನಿಲ್ಲಿ. ದಟ್ಟ ನೆರಳಿನಲ್ಲಿ ಫೋನಿನ ಜಿಪಿಎಸ್ ಹತ್ತಾರು ಅಡಿ ಅತ್ತಿತ್ತ ಹೋಗುತ್ತದೆ, ಆಕಾಶ ಕಾಣುವ ಜಾಗ ನೋಡಿ ಎರಡು ನಿಮಿಷ ಕಾಯಿರಿ. ಬೆಟ್ಟದ ತುಂಡಿಗೆ ಬಿಂದು ಸಾಕಾದರೂ ಸುತ್ತ ನಡೆದು ಗಡಿಯನ್ನೂ ಗುರುತು ಮಾಡಿಟ್ಟುಕೊಳ್ಳಿ, ಜಾರಿದ ಎಕರೆಗೆ ನಾಳೆ ಬೇಕಾಗುತ್ತದೆ. ಹೋದಾಗ ನಾಲ್ಕು ದಿಕ್ಕಿಗೂ ಒಂದೊಂದು ಫೋಟೋ ತೆಗೆಯಿರಿ. ಕೆಳಗೆ ಕಾಫಿ, ಮೇಲೆ ಮರ, ಎರಡೂ ಒಂದೇ ಚಿತ್ರದಲ್ಲಿ ಬರುವ ಹಾಗೆ.